ಛಾವಣಿಯ ಮೇಲಿನ ಆಟಗಾರ

ಔತಣದ ಮೇಜಿನ ತುದಿಯಲ್ಲಿ ತಮದಾ, ಅಂದರೆ ಔತಣ ನಡೆಸುವವನು, ಕುಳಿತನೆಂದರೆ ಅವನ ಅಪ್ಪಣೆಯಿಲ್ಲದೆ ಯಾರೂ ಬಟ್ಟಲೆತ್ತುವಂತಿಲ್ಲ. ಅವನು ಹಾರೈಕೆ ನುಡಿಯುತ್ತಿರುವಾಗ ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ದೇಶದ ಅಧ್ಯಕ್ಷರಿಗೂ ಇಲ್ಲದ ಇಂಥ ಅಧಿಕಾರವನ್ನು ನಮ್ಮ ಜಾರ್ಜಿಯಾದ ಜನ ತಲೆತಲಾಂತರದಿಂದ ಕೇವಲ ವೈನ್ ಕುಡಿಯಲು ಮತ್ತು ಕುಡಿಸಲು ವ್ಯಯಮಾಡುತ್ತ ಬಂದಿದ್ದಾರೆ. ಅದನ್ನು ಲೋಕಕಲ್ಯಾಣಕ್ಕೆ ಬಳಸಿದ ಮೊದಲ ತಮದಾ ನಾನೇ ಆಗಬೇಕೆಂದು, ಆ ನವೆಂಬರ್ ತಿಂಗಳ ಶನಿವಾರ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ಪ್ರತಿಜ್ಞೆ ಮಾಡಿದೆ. ಕನ್ನಡಿಯಲ್ಲಿ ನನ್ನ ಹೆಗಲ ಹಿಂದೆ ನನ್ನ ಹೆಂಡತಿ ನತೇಲಾ ಕಾಣುತ್ತಿದ್ದಳು.

"ಇವತ್ತು ಆಟ ಶುರುವಾಗೋವರೆಗೂ ನಮ್ಮ ಮೇಜಿನ ಮೇಲೆ ರಗ್ಬಿ ಮಾತು ಒಂದೂ ಬೀಳಲ್ಲ," ಎಂದೆ. "ನಾನು ತಮದಾ. ನಾನು ಬಿಡಲ್ಲ."

"ಈ ಕುತಾಯಿಸಿ ಊರಿನಲ್ಲಿ?" ಎಂದಳು ನತೇಲಾ. "ಮೊದಲು ಹಿತ್ತಲಿಗೆ ಹೋಗಿ ಹುಂಜಕ್ಕೆ ಕೂಗಬೇಡ ಅಂತ ಹೇಳಿ ಬಾ. ಅದು ನಿನ್ನ ಮಾತು ಕೇಳಿದರೆ ಆಮೇಲೆ ನಮ್ಮಣ್ಣನಿಗೆ ಹೇಳುವೆಯಂತೆ."

ಅವಳ ಅನುಮಾನ ನ್ಯಾಯವಾದದ್ದೇ. ನಮ್ಮೂರಿನಲ್ಲಿ ರಾಷ್ಟ್ರೀಯ ತಂಡವನ್ನು ಆಯ್ಕೆ ಮಾಡದ ಗಂಡಸಿಲ್ಲ. ಅಧಿಕೃತ ಆಯ್ಕೆಗಾರರು ರಾಜಧಾನಿ ತ್ಬಿಲಿಸಿಯಲ್ಲಿ ಕುಳಿತು ಒಂದು ತಂಡ ಆರಿಸಿದರೆ, ಇಲ್ಲಿ ಕ್ಷೌರದಂಗಡಿಗೊಂದು, ಬಸ್ ನಿಲ್ದಾಣಕ್ಕೊಂದು, ಚರ್ಚಿನ ಮೆಟ್ಟಿಲಿಗೊಂದು ತಂಡ ಅದಾಗಲೇ ಸಿದ್ಧವಾಗಿರುತ್ತದೆ. ಹೊರದೇಶದಿಂದ ಹೊಸ ತರಬೇತುದಾರ ಬಂದ ಮೇಲಂತೂ ಊರಿಗೆ ಊರೇ ಅವನಿಗೆ ಗುರುವಾಗಿಬಿಟ್ಟಿತ್ತು. ಪಾಪ, ಆ ಮಹರಾಯನಿಗೆ ನಮ್ಮ ಭಾಷೆ ಬರದು. ಅದೊಂದೇ ಅವನನ್ನು ಕಾಪಾಡುತ್ತಿದ್ದದ್ದು. ನನಗೂ ಅವನ ಆಯ್ಕೆಯ ಬಗ್ಗೆ ಒಂದು ಅಭಿಪ್ರಾಯವಿತ್ತು. ಉಳಿದವರ ಅಭಿಪ್ರಾಯಗಳಿಗಿಂತ ಅದು ಸರಿಯಾಗಿಯೂ ಇತ್ತು. ಆದರೆ ಆ ದಿನದ ಮಟ್ಟಿಗೆ ಅದನ್ನು ಎದೆಯಲ್ಲೇ ಹೂತಿಟ್ಟಿದ್ದೆ. ಕಾರಣ, ನಮ್ಮತ್ತೆ.

ನತೇಲಾಳ ಅಣ್ಣ ಶಾಲ್ವಾನ ಮಗ ತೋರ್ನಿಕೆ ಅಂದು ಮೊಟ್ಟಮೊದಲ ಬಾರಿಗೆ ದೇಶದ ಕೆಂಪಂಗಿ ತೊಟ್ಟು, ಸಮೋವಾ ತಂಡದ ವಿರುದ್ಧ ಬೆಂಚಿನ ಮೇಲೆ ಕೂರಲಿದ್ದ. ಉತ್ತರಾರ್ಧದಲ್ಲಿ ಅವನನ್ನು ಮೈದಾನಕ್ಕೆ ಇಳಿಸುತ್ತಾರೆಂದು ಸುದ್ದಿ. ಶಾಲ್ವಾ ಲಾರಿ ಓಡಿಸುತ್ತ ತುರ್ಕಿಯ ದಾರಿಯಲ್ಲೇ ಬಾಳಿದವನು. ಹುಡುಗನ ತಾಯಿ ಗ್ರೀಸಿನಲ್ಲಿ ಯಾರದೋ ಮನೆಯ ವೃದ್ಧರನ್ನು ನೋಡಿಕೊಳ್ಳುತ್ತಿದ್ದಾಳೆ. ಹೀಗಾಗಿ ತೋರ್ನಿಕೆಯನ್ನು ಎತ್ತಿ ಆಡಿಸಿ, ಉಣಿಸಿ, ಬೈದು, ಬೆಳೆಸಿದ್ದೆಲ್ಲ ನಮ್ಮತ್ತೆ ಪೆಲಾಗಿಯಾ. ಅದೂ ಈ ಮನೆಯಲ್ಲೇ, ಏಕೆಂದರೆ ಮನೆ ಅವರದು. ನಾನು ಮನೆಅಳಿಯ. ನಮ್ಮ ಕಡೆ ಮನೆಅಳಿಯನೆಂದರೆ ಬಾಗಿಲ ಬಳಿಯ ಕುರ್ಚಿಯಿದ್ದಂತೆ: ಮನೆಯ ಸಾಮಾನೇ ಹೌದು, ಆದರೆ ಯಾರು ಬಂದರೂ ಪಕ್ಕಕ್ಕೆ ಸರಿಸುವುದು ಅದನ್ನೇ.

ನಮ್ಮತ್ತೆ ಜನ್ಮದಲ್ಲಿ ಒಂದು ರಗ್ಬಿ ಆಟವನ್ನೂ ನೋಡಿದವರಲ್ಲ. ಶಾಲ್ವಾ ಯೌವನದಲ್ಲಿ ಎರಡು ಕಿವಿಗಳೊಡನೆ ಆಡಲು ಹೋಗಿ, ಒಂದೂವರೆ ಕಿವಿಯೊಡನೆ ಮನೆಗೆ ಬಂದ ದಿನವೇ ಅವರು ಆ ಆಟಕ್ಕೆ ಬೆನ್ನು ತಿರುಗಿಸಿದ್ದರು. ಈಗ ಮೊಮ್ಮಗ ತ್ಬಿಲಿಸಿಯಿಂದ ಫೋನು ಮಾಡಿ, "ಅಜ್ಜೀ, ನೀನು ನೋಡ್ತಾ ಇದ್ದೀಯ ಅಂತ ಗೊತ್ತಿದ್ದರೆ ನನಗೆ ಹೆದರಿಕೆ ಆಗಲ್ಲ," ಎಂದುಬಿಟ್ಟಿದ್ದ. ಅತ್ತೆಯವರು ಒಲ್ಲೆನೆಂದರು. ನಾನು ಓಲೈಸಿದೆ. ದಿನವೂ ಓಲೈಸಿದೆ. ಕೊನೆಗೆ ಅವರು ಒಂದು ಷರತ್ತಿನ ಮೇಲೆ ಒಪ್ಪಿದರು: ಆಟಕ್ಕೆ ಮುಂಚೆ ಆ ಹಾಳು ಆಟದ ಬಗ್ಗೆ ಹೆದರಿಸುವ ಮಾತು ಯಾರೂ ಆಡಕೂಡದು. ಹುಡುಗನಿಗೆ ನಾನು ಮಾತು ಕೊಟ್ಟೆ. "ಅಜ್ಜಿ ನೋಡ್ತಾರೆ. ಅದು ನನ್ನ ಜವಾಬ್ದಾರಿ."

ಇಷ್ಟಕ್ಕೆ ಅಡ್ಡಿ ಒಬ್ಬನೇ: ಪಕ್ಕದ ಮನೆಯ ಗೋದೆರ್ಜಿ. ಅವನನ್ನು ಕರೆಯದೆ ಇರುವಂತಿಲ್ಲ. ನಮ್ಮ ಅಂಗಳಕ್ಕೂ ಅವನ ಅಂಗಳಕ್ಕೂ ನಡುವೆ ಬೇಲಿಯೇ ಇಲ್ಲ. ರೊಟ್ಟಿಯ ಒಲೆ ಇಟ್ಟುಕೊಂಡಿರುವ ಗೋದೆರ್ಜಿ ಹಿಂದೆ ಊರಿನ ತಂಡದಲ್ಲಿ ಸ್ಕ್ರಮ್ಮಿನ ಮುಂದಿನ ಸಾಲಿಗೆ ನಿಲ್ಲುತ್ತಿದ್ದವನು. ಎರಡೂ ಕಡೆಯವರು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಹೆಣೆದು, ಗೂಳಿಗಳಂತೆ ಒಬ್ಬರನ್ನೊಬ್ಬರು ದೂಡುವ ಆ ಸ್ಕ್ರಮ್ಮೇ ರಗ್ಬಿ, ಉಳಿದದ್ದೆಲ್ಲ ಓಡಾಟ ಎಂಬುದು ಅವನ ಮತ. ಎರಡು ಮೂಟೆ ಹಿಟ್ಟಿನ ತೂಕವಿಲ್ಲದವನು ಮುಂದಿನ ಸಾಲಿಗೆ ಬರಕೂಡದೆಂಬುದು ಅವನ ಸಿದ್ಧಾಂತ. ತೋರ್ನಿಕೆ ಆಡುವುದು ಮುಂದಿನ ಸಾಲಿನ ನಟ್ಟನಡುವೆ. ಅವನ ತೂಕ ಒಂದೂವರೆ ಮೂಟೆ.

ಮಧ್ಯಾಹ್ನದ ಹೊತ್ತಿಗೆ ಅತಿಥಿಗಳು ಬಂದರು. ಶಾಲ್ವಾ ಲಾರಿಯನ್ನು ಬೀದಿಯಲ್ಲಿ ಅಡ್ಡ ನಿಲ್ಲಿಸಿ ಬಂದ. ಗೋದೆರ್ಜಿ ತನ್ನಿಬ್ಬರು ತಮ್ಮಂದಿರೊಡನೆ, ಬಿಸಿರೊಟ್ಟಿಯ ಬುಟ್ಟಿಯೊಡನೆ ಬಂದ. ಮೂವರೂ ಒಟ್ಟಿಗೆ ಬಾಗಿಲಲ್ಲಿ ನಿಂತಾಗ ಕೋಣೆಗೆ ಬೆಳಕು ಬರುವುದು ನಿಂತಿತು. ಶಾಲ್ವಾನ ಗೆಳೆಯನೊಬ್ಬನೂ ಇದ್ದ. ನತೇಲಾ ಚೀಸು ತುಂಬಿದ ರೊಟ್ಟಿ, ಅರೆದ ಅಕ್ರೋಟು ಸವರಿದ ಬದನೆಕಾಯಿ, ಬೆಳ್ಳುಳ್ಳಿ ಹಾಲಿನಲ್ಲಿ ಅದ್ದಿದ ಕೋಳಿ, ಎಲ್ಲವನ್ನೂ ತಟ್ಟೆಯ ಮೇಲೆ ತಟ್ಟೆಯಾಗಿ ಮೇಜಿನ ಮೇಲೆ ಪೇರಿಸಿದಳು. ನೆಲದಲ್ಲಿ ಹೂತಿದ್ದ ಗುಡಾಣದಿಂದ ಹೊಸ ವೈನನ್ನು ನಾನೇ ಬಗ್ಗಿ ಮೊಗೆದು ತಂದೆ. ಕಪ್ಪು ರೇಷ್ಮೆಯುಟ್ಟು ಅತ್ತೆಯವರು ಟಿ.ವಿ.ಯ ಎದುರಿನ ಕುರ್ಚಿಯಲ್ಲಿ, ಪಾದ್ರಿಗಳ ಮುಂದೆ ಕೂತಂತೆ ಕೂತರು. ಟಿ.ವಿ. ಇನ್ನೂ ಹಚ್ಚಿರಲಿಲ್ಲ.

ನಾನೆದ್ದು ನನ್ನ ಕಾನೂನನ್ನು ಸಾರಿದೆ. ರಗ್ಬಿ, ತಂಡ, ತರಬೇತುದಾರ, ಸ್ಕ್ರಮ್, ಈ ನಾಲ್ಕು ಪದಗಳಿಗೆ ನಿಷೇಧ. ಶಾಲ್ವಾ ನನ್ನನ್ನೇ ದಿಟ್ಟಿಸಿದ. ಗೋದೆರ್ಜಿ ಮಾತ್ರ ಎದೆಯ ಮೇಲೆ ಕೈಯಿಟ್ಟು, ತಮದಾನ ಮಾತು ದೇವರ ಮಾತೆಂದು ತಲೆಬಾಗಿದ. ಅವನು ಅಷ್ಟು ಬೇಗ ತಲೆಬಾಗಿದಾಗಲೇ ನಾನು ಎಚ್ಚರವಾಗಬೇಕಿತ್ತು.

ತಮದಾ ಹಾರೈಕೆ ನುಡಿದ ಮೇಲೆ ಅದನ್ನು ಅತಿಥಿಯೊಬ್ಬನಿಗೆ ದಾಟಿಸುವುದು ಪದ್ಧತಿ. ಪಡೆದವನು ತನ್ನದೂ ನಾಲ್ಕು ಮಾತು ಸೇರಿಸಬೇಕು. ಅವನನ್ನು ತಡೆಯುವ ಹಕ್ಕು ತಮದಾನಿಗೂ ಇಲ್ಲ. ನನ್ನ ಸಂವಿಧಾನದಲ್ಲಿ ಇಷ್ಟು ದೊಡ್ಡ ರಂಧ್ರವಿದೆಯೆಂಬುದು ಮೊದಲ ಹಾರೈಕೆಯಲ್ಲೇ ಬಯಲಾಯಿತು. ನಾನು ಲೋಕದ ಶಾಂತಿಗೆ ಹಾರೈಸಿ ಗೋದೆರ್ಜಿಗೆ ದಾಟಿಸಿದೆ. ಅವನು ಶಾಂತಿಯನ್ನು ಮನಸಾರೆ ಹೊಗಳಿದ. ಗಡಿ ಕಾಯುವವರು ದಪ್ಪಗಿರುವ ದೇಶದಲ್ಲಿ ಶಾಂತಿ ತಾನಾಗಿಯೇ ನೆಲೆಸುವುದೆಂದ. ಸಾಲಾಗಿ ಮುಂದೆ ನಿಲ್ಲುವ ಯಾರನ್ನೇ ಆಗಲಿ ತೂಗಿ ನೋಡಿಯೇ ನಿಲ್ಲಿಸಬೇಕೆಂದ. ನಿಷೇಧಿತ ಪದ ಒಂದೂ ಇರಲಿಲ್ಲ. ಎಲ್ಲರೂ ಕುಡಿದರು.

ಎರಡನೆಯದು ಅಗಲಿದ ಹಿರಿಯರಿಗೆ. ಇದರಲ್ಲಿ ಅಪಾಯವಿರಲಾರದೆಂದು ಶಾಲ್ವಾನಿಗೆ ದಾಟಿಸಿದೆ. ಅವನು ಕಣ್ಣೊರೆಸಿಕೊಂಡು, ಅಗಲಿದವರಲ್ಲಿ ಎರಡು ಬಗೆಯೆಂದ: ಮಣ್ಣಿಗೆ ಹೋದವರು ಒಂದು ಬಗೆ, ಮೊದಲ ನಿಮಿಷದಿಂದ ಆಡಬೇಕಾಗಿದ್ದರೂ ಬೆಂಚಿಗೆ ಹೋದವರು ಇನ್ನೊಂದು ಬಗೆ. ಮೊದಲಿನವರನ್ನು ಕಳಿಸಿದ್ದು ದೇವರು; ಎರಡನೆಯವರನ್ನು ಕಳಿಸಿದವನ ಹೆಸರನ್ನು ತಮದಾನ ಮೇಲಿನ ಗೌರವದಿಂದ ತಾನು ಹೇಳುವುದಿಲ್ಲವೆಂದ. ಗೋದೆರ್ಜಿಯ ಮುಖ ಕೆಂಪೇರಿತು. ಅವನ ಪ್ರಕಾರ ಆ ಹುಡುಗನಿಗೆ ಬೆಂಚೇ ಹೆಚ್ಚಾಗಿತ್ತು.

ಮೂರನೆಯದು ತಾಯಂದಿರಿಗೆ. ಅದನ್ನು ದಾಟಿಸದೆ ನಾನೇ ಮುಗಿಸಬೇಕೆಂದಿದ್ದೆ. ಆದರೆ ಗೋದೆರ್ಜಿ ಬಟ್ಟಲು ಹಿಡಿದು ಅದಾಗಲೇ ಎದ್ದಿದ್ದ. ತಾಯಂದಿರ ಹಾರೈಕೆಗೆ ಎದ್ದವನನ್ನು ಕೂರಿಸುವ ಗಂಡಸು ನಮ್ಮ ನಾಡಿನಲ್ಲಿ ಹುಟ್ಟಿಲ್ಲ. ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲವೆಂದು ನಾನು ಇಂದಿಗೂ ಪ್ರಮಾಣ ಮಾಡಬಲ್ಲೆ. ಅವನು ಅತ್ತೆಯವರ ಕಡೆ ತಿರುಗಿದಾಗ ಅವನ ಕಣ್ಣು ನಿಜವಾಗಿಯೂ ತುಂಬಿತ್ತು.

"ಪೆಲಾಗಿಯಾ ಚಿಕ್ಕಮ್ಮ, ನಿಮ್ಮ ಕೈಯ ಊಟಕ್ಕೆ ಸಮ ಇಲ್ಲ. ಆ ಹುಡುಗನಿಗೆ ಅದನ್ನ ಇನ್ನೊಂದು ತುತ್ತು ಜಾಸ್ತಿ ಹಾಕಿಬಿಟ್ಟಿದ್ದರೆ ಆಗ್ತಿತ್ತು ನೋಡಿ. ಈಗ ಆ ಸಮೋವಾದ ಗುಡ್ಡಗಳು ಎರಡೂ ಕಡೆಯಿಂದ ಒತ್ತಿದರೆ, ನಮ್ಮ ಮಗು ಹಪ್ಪಳ."

ಅತ್ತೆಯವರು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಯಲ್ಲಿಟ್ಟು, ಸೆರಗಿನಂತೆ ಹೊದ್ದ ಶಾಲನ್ನು ಸರಿಪಡಿಸಿಕೊಂಡು ಎದ್ದರು.

"ನಾನು ಒಳಗೆ ಹೋಗ್ತೀನಿ. ಮುಗಿದ ಮೇಲೆ ಬಂದು, ಬದುಕಿದಾನೋ ಇಲ್ಲವೋ ಅಷ್ಟು ಹೇಳಿ."

ಲೋಕಕಲ್ಯಾಣ ಅಲ್ಲಿಗೆ ಮುಗಿಯಿತು. ಶಾಲ್ವಾ ಗೋದೆರ್ಜಿಯ ಮೇಲೆ ಎಗರಿದ. ನಾಲ್ಕು ನಿಷಿದ್ಧ ಪದಗಳೂ ಒಂದೇ ವಾಕ್ಯದಲ್ಲಿ ಬಂದವು. ತೂಕ ಮುಖ್ಯವೋ ತಂತ್ರ ಮುಖ್ಯವೋ, ತರಬೇತುದಾರ ಕುರುಡನೋ ಹುಚ್ಚನೋ ಎಂದು ಐದು ಗಂಟಲುಗಳು ಏಕಕಾಲಕ್ಕೆ ವಿಚಾರಣೆ ನಡೆಸಿದವು. ಕೊನೆಗೆ ಶಾಲ್ವಾನ ಕಣ್ಣು ನನ್ನ ಮೇಲೆ ಬಿತ್ತು. ಮನೆಗೆ ಅಳಿಯನಾಗಿ ಬಂದಂದಿನಿಂದ ಅವನು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದಿಲ್ಲ.

"ನಮ್ಮ ಅಂಜೋರ್‌ನ ನೋಡು," ಎಂದ ಗೋದೆರ್ಜಿಗೆ. "ಇವನೂ ನನ್ನ ಮಗನಷ್ಟೇ ತೂಕ. ಇವನನ್ನ ನಡುವೆ ನಿಲ್ಲಿಸ್ತೀನಿ. ನೀನು, ನಿನ್ನ ತಮ್ಮಂದಿರು ತಳ್ಳಿ. ಇವನು ಹಪ್ಪಳ ಆದರೆ ನೀನು ಹೇಳಿದ್ದೇ ಸರಿ."

ನಾನು ಭೂಮಾಪನ ಕಚೇರಿಯವನು. ಮೂರು ಕಾಲಿನ ಉಪಕರಣದ ಹಿಂದೆ ಒಂದು ಕಣ್ಣು ಮುಚ್ಚಿ ನಿಲ್ಲುವುದು ನನ್ನ ಅತಿ ದೊಡ್ಡ ವ್ಯಾಯಾಮ. ಆಗುವುದಿಲ್ಲವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಕೋಣೆಯ ಬಾಗಿಲಲ್ಲಿ ಅತ್ತೆಯವರು ಕಂಡರು. ಬಾಗಿಲು ಮುಚ್ಚಲು ಹೋದ ಕೈ ಅಲ್ಲೇ ನಿಂತಿತ್ತು. ಅವರು ನನ್ನನ್ನು ಅಳೆಯುತ್ತಿದ್ದರು, ನನ್ನಲ್ಲಿ ಮೊಮ್ಮಗನನ್ನು ಅಳೆಯುತ್ತಿದ್ದರು. ನಾನು ಕೋಟು ಕಳಚಿದೆ.

"ಅಂಜೋರ್, ಬೇಡ," ಎಂದಳು ನತೇಲಾ. "ನಿನಗೆ ಕಪಾಟು ಸರಿಸಿದರೆ ಬೆನ್ನು ಹಿಡಿಯುತ್ತೆ."

ಎಲ್ಲರೂ ಅಂಗಳಕ್ಕಿಳಿದೆವು. ಎಡಕ್ಕೆ ಶಾಲ್ವಾ, ಬಲಕ್ಕೆ ಅವನ ಗೆಳೆಯ, ನಡುವೆ ನಾನು. ಎದುರಿಗೆ ಒಂದು ರೊಟ್ಟಿ ಒಲೆ ಮತ್ತು ಅದರ ಇಬ್ಬರು ತಮ್ಮಂದಿರು. ತಲೆ ತಗ್ಗಿಸಿದೆವು. ಮುಂದೆ ಏನಾಯಿತೆಂಬುದನ್ನು ನಾನು ಕಣ್ಣಾರೆ ಕಂಡಿಲ್ಲ. ನನ್ನ ಮುಖ ಗೋದೆರ್ಜಿಯ ಕಂಕುಳಲ್ಲಿತ್ತು. ಅಲ್ಲಿ ಬೆಳಗಿನ ರೊಟ್ಟಿಯ ಪರಿಮಳವಿತ್ತು. ಅವರು ತಳ್ಳಿದರು. ನಾವು ಜಾರಲಿಲ್ಲ. ಮತ್ತೆ ತಳ್ಳಿದರು. ಶಾಲ್ವಾ ಹಲ್ಲು ಕಚ್ಚಿ ನನ್ನನ್ನು ಅನಾಮತ್ತಾಗಿ ಎತ್ತಿ ಹಿಡಿದಿದ್ದನಾಗಿ ನನ್ನ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಬೀಳದಿರುವುದು ಅಷ್ಟರಮಟ್ಟಿಗೆ ಸುಲಭವಾಯಿತು. ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ, ಆರು ಮಂದಿಯ ಆ ಗಂಟು ಬೀಸುವ ಕಲ್ಲಿನಂತೆ ಮೆಲ್ಲಗೆ ತಿರುಗಲಾರಂಭಿಸಿತು. ತಿರುಗುತ್ತ, ನರಳುತ್ತ, ಅಂಗಳ ದಾಟಿ, ದ್ರಾಕ್ಷಿ ಚಪ್ಪರದ ಮೂಲೆಗಂಬಕ್ಕೆ ಒರಗಿತು. ಕಂಬ ತನ್ನ ಕೈಲಾದಷ್ಟು ಹೊತ್ತು ನಿಂತಿತು.

ಎಲೆಯುದುರಿದ ಬಳ್ಳಿ, ತಂತಿ, ಒಣಗಲು ತೂಗುಹಾಕಿದ್ದ ಹಣ್ಣಿನ ಸರ, ಎಲ್ಲವೂ ನಮ್ಮ ಮೇಲೆ ಹೂಮಳೆಯಂತೆ ಸುರಿದವು. ಕಟ್ಟಕಡೆಗೆ ಠಣಾರೆಂದು ಬಿದ್ದದ್ದು ಟಿ.ವಿ.ಯ ಡಿಶ್. ಅದನ್ನು ಆ ಕಂಬದ ತುದಿಗೆ, ಕಚೇರಿಯ ಉಪಕರಣ ತಂದು ಕೋನ ಅಳೆದು, ಊರಿನಲ್ಲೇ ಅತ್ಯಂತ ಕರಾರುವಾಕ್ಕಾಗಿ ಕೂರಿಸಿದ್ದವನು ನಾನೇ.

ಬಳ್ಳಿಯೊಳಗಿಂದ ನಾನು ತೆವಳಿ ಬಂದೆ. ಅತ್ತೆಯವರು ಮೆಟ್ಟಿಲಿಳಿದು ಬಂದು, ನನ್ನ ಗಲ್ಲ ಹಿಡಿದು ಮುಖವನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು.

"ಎರಡೂ ಕಿವಿ ಇದೆ," ಎಂದರು. "ಇವನೇ ಬದುಕಿದ ಮೇಲೆ ಮಗು ಬದುಕಲ್ಲವೇ? ನಡೀರಿ, ಟಿ.ವಿ. ಹಚ್ಚಿ. ನಾನು ನೋಡ್ತೀನಿ."

ಅವರು ಹೋಗಿ ಕುರ್ಚಿಯಲ್ಲಿ ಕೂತರು. ನತೇಲಾ ಟಿ.ವಿ. ಹಚ್ಚಿದಳು. ತೆರೆಯ ಮೇಲೆ ಬರೀ ಬಿಳಿ ಚುಕ್ಕೆಗಳು, ಕಾಕಸಸ್ ಪರ್ವತದ ಹಿಮಪಾತ.

ಇಷ್ಟು ದಿನ ನೋಡಲು ಆಟವಿತ್ತು, ಅತ್ತೆಯವರು ಒಪ್ಪಿರಲಿಲ್ಲ. ಈಗ ಅತ್ತೆಯವರು ಒಪ್ಪಿದ್ದರು, ನೋಡಲು ಆಟವೇ ಇರಲಿಲ್ಲ. ಅಂಗೈಯಗಲದ ಫೋನಿನಲ್ಲಿ ಆಟ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಗೋದೆರ್ಜಿಯ ಮನೆಯ ಟಿ.ವಿ.ಗೂ ಸಂಪರ್ಕ ನಮ್ಮ ಡಿಶ್ಶಿನದೇ. ಬೇಲಿಯಿಲ್ಲದ ಅಂಗಳದ ಸುಖ ಅದು. ಅತ್ತೆಯವರು ಹಿಮಪಾತವನ್ನೇ ತದೇಕಚಿತ್ತದಿಂದ ನೋಡುತ್ತ, "ಇದರಲ್ಲಿ ನಮ್ಮವರು ಯಾರು?" ಎಂದು ಕೇಳಿದರು. ಆ ಪ್ರಶ್ನೆ ನನ್ನನ್ನು ನೇರವಾಗಿ ಏಣಿ ಹತ್ತಿಸಿತು.

ಅಕ್ರೋಟಿನ ಮರದ ಅಡ್ಡಿಯಿಲ್ಲದೆ ಆಕಾಶ ಕಾಣುವುದು, ತಂತಿಯೂ ಎಟಕುವುದು, ಅಡುಗೆಮನೆಯ ತಗಡಿನ ಮಾಡಿನ ಮೇಲೆ ಮಾತ್ರ. ಡಿಶ್ಶನ್ನು ಅಲ್ಲಿ ನಿಲ್ಲಿಸಲು ಕಂಬವಿಲ್ಲ, ಕಂಬ ನೆಡಲು ಹೊತ್ತಿಲ್ಲ. ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಂಡಿ ಬಾಗಿಸಿ, ದಕ್ಷಿಣದ ಕಡೆ ಎದೆಯೊಡ್ಡಿ ನಿಂತೆ. ಜೀವಮಾನವಿಡೀ ಮೂರು ಕಾಲಿನ ಉಪಕರಣದ ಹಿಂದೆ ನಿಂತವನು ಆ ದಿನ ಎರಡೇ ಕಾಲಿನಲ್ಲಿ ಉಪಕರಣವಾದೆ.

ನನ್ನ ಕೆಳಗೇ ನಡುಮನೆಯ ಕಿಟಕಿ. ಅಲ್ಲಿಂದ ಐವರು ತರಬೇತುದಾರರ ತಲೆಗಳು ಹೊರಬಂದವು. ಎಡಕ್ಕೆ ಎಂದಿತು ಒಂದು. ಅಷ್ಟಲ್ಲ ಎಂದಿತು ಇನ್ನೊಂದು. ನನ್ನ ನಿಲುವು ಎತ್ತರವಾಯಿತೆಂದು ಶಾಲ್ವಾ, ಮೊಣಕೈ ಅಗಲವಾಯಿತೆಂದು ಗೋದೆರ್ಜಿ. ಒಬ್ಬ ತಮ್ಮನ ಪ್ರಕಾರ ನನ್ನ ಉಸಿರಾಟವೇ ತಪ್ಪು. ತ್ಬಿಲಿಸಿಯಲ್ಲಿರುವ ಆ ಪರದೇಶದ ಮನುಷ್ಯನ ಮೇಲೆ ನನಗೆ ಹುಟ್ಟಿದ ಸಹೋದರಪ್ರೇಮವನ್ನು ಬಣ್ಣಿಸಲಾರೆ. ಕಡೆಗೆ, ಬಲಗಾಲನ್ನು ಹೊಗೆಗೂಡಿಗೆ ಒತ್ತಿ ಎಡಭುಜ ಇಳಿಸಿದಾಗ, ಕೆಳಗಿನಿಂದ ಒಕ್ಕೊರಲಿನ ಉದ್ಗಾರ ಬಂತು. ಚಿತ್ರ ಮೂಡಿತ್ತು. ಹಾಗೆಯೇ ಇರಬೇಕೆಂದು ಆಜ್ಞೆಯಾಯಿತು.

ಹಾಗೆಯೇ ಇದ್ದೆ. ಆ ಮಹಾಪಂದ್ಯವನ್ನು ಇಡೀ ದೇಶ ಕಣ್ಣಿನಿಂದ ನೋಡಿತು. ನಾನು ಕಿವಿಯಿಂದ ನೋಡಿದೆ. ಮೇಜು ಗುದ್ದಿದರೆ ನಮ್ಮ ತಪ್ಪು. ಬಟ್ಟಲು ತಾಗಿದರೆ ಅವರ ತಪ್ಪು. ಶಾಲ್ವಾ ತರಬೇತುದಾರನ ತಾಯಿಯನ್ನು ನೆನೆದರೆ ಆಯ್ಕೆಯ ತಪ್ಪು. ವಿರಾಮದಲ್ಲಿ ನತೇಲಾ ಏಣಿ ಹತ್ತಿ ಬಂದು ನನ್ನ ಬಾಯಿಗೆ ರೊಟ್ಟಿಯ ತುಂಡನ್ನಿಟ್ಟಳು, ಕುತ್ತಿಗೆಗೆ ತನ್ನ ಉಣ್ಣೆಯ ವಸ್ತ್ರ ಸುತ್ತಿದಳು. "ಅಮ್ಮ ಅಲ್ಲಾಡದೆ ಕೂತಿದ್ದಾಳೆ," ಎಂದು ಮೆಲ್ಲಗೆ ಹೇಳಿದಳು. "ನಿನ್ನ ಹಾಗೇ."

ಉತ್ತರಾರ್ಧ ಸುಮಾರು ಸಾಗಿತ್ತು. ಕೆಳಗಿನ ಗದ್ದಲ ಇದ್ದಕ್ಕಿದ್ದಂತೆ ಅಡಗಿತು. ಆಮೇಲೆ ಶಾಲ್ವಾನ ದನಿ ಒಡೆದು ಬಂತು.

"ಅಮ್ಮಾ, ಎದ್ದ. ಅಂಗಿ ಬಿಗಿ ಮಾಡಿಕೊಳ್ತಿದ್ದಾನೆ. ನೋಡು, ಇಳಿದ."

ಸ್ಕ್ರಮ್ಮಿಗೆ ತೀರ್ಪುಗಾರ ಕರೆದದ್ದು ನನಗೂ ಕೇಳಿಸಿತು. ಹೆಣೆದುಕೊಂಡರು. ತಳ್ಳಿದರು. ಆ ಮೌನದಲ್ಲಿ ಗೋದೆರ್ಜಿಯ ಧ್ವನಿಯೊಂದೇ ಕೇಳಿಸುತ್ತಿತ್ತು, ಪ್ರಾರ್ಥನೆಯಂತೆ. "ಬಗ್ಗು, ಮಗು. ಇನ್ನೂ ಬಗ್ಗು. ಹಾಂ, ಹಾಗೆ. ನಿಂತ. ಚಿಕ್ಕಮ್ಮ, ನಿಂತ. ನೋಡಿ, ಅವರನ್ನೇ ಹಿಂದಕ್ಕೆ ದೂಡ್ತಿದ್ದಾನೆ." ಒಂದೂವರೆ ಮೂಟೆಯ ಹುಡುಗನ ಮುಂದೆ ಎರಡು ಮೂಟೆಯ ಸಿದ್ಧಾಂತ ಕಣ್ಣೀರು ಸುರಿಸುತ್ತಿತ್ತು.

ನಾನು ಆ ಹುಡುಗನಿಗೆ ಸೈಕಲ್ ಕಲಿಸಿದವನು. ಕಾಯಿಲೆ ಬಿದ್ದಾಗ ಬೆನ್ನಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು. ಆಟ ಕೊನೆಯ ಘಟ್ಟಕ್ಕೆ ಬಂದು, ಕೆಳಗೆ "ತೋರ್ನಿಕೆ, ತೋರ್ನಿಕೆ" ಎಂಬ ಬೊಬ್ಬೆ ಏರುತ್ತ ಏರುತ್ತ ಹೋದಾಗ, ನನ್ನ ಸಂಯಮ ಮುರಿಯಿತು. ಒಂದೇ ಒಂದು ಸಲ ನೋಡೋಣವೆಂದು ಕಿಟಕಿಯ ಕಡೆ ಬಾಗಿದೆ.

ನಾನು ನೋಡಲು ಬಾಗಿದರೆ ಅಲ್ಲಿ ನೋಡಲು ಏನೂ ಇರುವುದಿಲ್ಲವೆಂಬ ಸರಳ ತರ್ಕ ಕಾಲೇಜು ಕಲಿತವನಿಗೆ ಹೊಳೆಯಬೇಕಿತ್ತು. ಕಿಟಕಿಯಲ್ಲಿ ನನಗೆ ಕಂಡದ್ದು ಹಿಮಪಾತ ಮತ್ತು ಆರು ತೆರೆದ ಬಾಯಿಗಳು. ಅವುಗಳಿಂದ ಹೊರಟ ಶಬ್ದವನ್ನು ಅಚ್ಚು ಮಾಡಲಾಗದು. ಹೊಗೆಗೂಡಿಗೆ ಕಾಲು ಒತ್ತಿ, ಎಡಭುಜ ಇಳಿಸಿ, ಮತ್ತೆ ಚಿತ್ರ ಮೂಡಿಸುವಷ್ಟರಲ್ಲಿ ಕೆಂಪಂಗಿಯವರೆಲ್ಲ ತೋರ್ನಿಕೆಯ ಮೇಲೆ ಬಿದ್ದು ಅವನನ್ನು ತಬ್ಬಿಕೊಳ್ಳುತ್ತಿದ್ದರಂತೆ. ಗೆದ್ದಿದ್ದೆವು. ಅವನು ಏನೋ ಮಾಡಿದ್ದ. ಇಡೀ ಜಾರ್ಜಿಯಾದಲ್ಲಿ ಅದೇನೆಂದು ತಿಳಿಯದ ಮನೆಗಳು ಎರಡೇ: ನಮ್ಮದು ಮತ್ತು ಗೋದೆರ್ಜಿಯದು.

ನಾನು ಇಳಿದು ಬಂದೆ. ತೋಳುಗಳು ಇಳಿಯಲಿಲ್ಲ, ಶರಣಾದ ಸೈನಿಕನಂತೆ ಎರಡನ್ನೂ ಮೇಲೆತ್ತಿಕೊಂಡೇ ನಡುಮನೆಗೆ ಬಂದೆ. ಅದು ಅಂದಿನ ಸಂದರ್ಭಕ್ಕೆ ತಕ್ಕ ಭಂಗಿಯೇ ಆಗಿತ್ತು. ಯಾರೂ ಬೈಯುವ ಮೊದಲೇ ಫೋನು ಬಂತು. ಅತ್ತೆಯವರು ಅದನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡರು. ಆ ಕಡೆಯಿಂದ ಹುಡುಗನ ಏದುಸಿರು ನಮಗೂ ಕೇಳುತ್ತಿತ್ತು: "ಅಜ್ಜೀ, ನೋಡಿದೆಯಾ?"

"ನೋಡಿದೆ ಕಂದಾ," ಎಂದರು. "ನಿನ್ನನ್ನ ಎಲ್ಲರೂ ತಬ್ಬಿಕೊಂಡರಲ್ಲ, ಅದನ್ನ ನೋಡಿದೆ. ನನಗೆ ಅಷ್ಟು ಸಾಕು." ಫೋನನ್ನು ನತೇಲಾಳ ಕೈಗಿತ್ತು ಶಾಲಿನ ತುದಿಯಿಂದ ಕಣ್ಣೊತ್ತಿಕೊಂಡರು.

ಹುಡುಗ ನತೇಲಾಳಿಗೆ ಇನ್ನೊಂದು ಸುದ್ದಿ ಹೇಳಿದ್ದ. ಮುಂದಿನ ಶನಿವಾರದ ಆಟಕ್ಕೆ ಅವನು ಮೊದಲಿಗೇ ಮೈದಾನಕ್ಕಿಳಿಯುವ ಹದಿನೈದು ಮಂದಿಯಲ್ಲೇ ಇರುತ್ತಾನೆ. ಮನೆ ಕುಣಿಯಿತು, ಗೋದೆರ್ಜಿ ಶಾಲ್ವಾನನ್ನು ತಬ್ಬಿಕೊಂಡು, ತರಬೇತುದಾರ ಮಹಾಜ್ಞಾನಿಯೆಂದು ಘೋಷಿಸಿದ. ಅದಾದ ಮೇಲೆ ಎಲ್ಲರ ಕಣ್ಣೂ ಮೇಲೆತ್ತಿದ ನನ್ನ ತೋಳುಗಳ ಮೇಲೆ ಬಿತ್ತು. ಚರ್ಚೆ ಆರಂಭವಾಯಿತು. ಅಂಜೋರ್ ಪೂರ್ವಾರ್ಧದಲ್ಲಿ ಚೆನ್ನಾಗಿ ನಿಂತನೆಂಬುದನ್ನು ಎಲ್ಲರೂ ಒಪ್ಪಿದರು. ಆದರೆ ಒತ್ತಡ ತಡೆಯಲಾರ, ಕೊನೆಯ ಗಳಿಗೆಯಲ್ಲಿ ಶಿಸ್ತು ತಪ್ಪುತ್ತಾನೆ ಎಂದ ಶಾಲ್ವಾ. ಕಾಲಿನ ನೆಲೆ ಸರಿಯಿಲ್ಲವೆಂದ ಒಬ್ಬ ತಮ್ಮ. ಬೇರೆ ಒಂದು ಕಂಬ ನೆಟ್ಟರಾಯಿತಲ್ಲವೇ ಎಂದು ನಾನು ಮೆಲ್ಲಗೆ ಸೂಚಿಸಿದೆ. ಆಟಗಾರನಿಗೆ ಆಯ್ಕೆಯ ವಿಷಯದಲ್ಲಿ ಬಾಯಿಲ್ಲವೆಂದು ನನ್ನನ್ನು ಸುಮ್ಮನಾಗಿಸಿದರು.

ಕೊನೆಗೆ ಎಲ್ಲರೂ ಅತ್ತೆಯವರ ಕಡೆ ತಿರುಗಿದರು. ಜೀವಮಾನದಲ್ಲಿ ಒಂದೇ ಒಂದು ಆಟ, ಅದರಲ್ಲೂ ಕೊನೆಯ ತುಣುಕು ಕಳೆದ ಆಟ ನೋಡಿದ್ದ ಅವರು, ಬಟ್ಟಲಿನ ವೈನನ್ನು ಒಂದು ಗುಟುಕು ಹೀರಿದರು.

"ಮುಂದಿನ ವಾರ ಮಾಡಿನ ಮೇಲೆ ಗೋದೆರ್ಜಿ ನಿಲ್ಲಲಿ," ಎಂದರು. "ತೂಕ ಇದೆ, ಗಾಳಿಗೂ ಅಲ್ಲಾಡಲ್ಲ."

"ಮತ್ತೆ ನಾನು, ಅತ್ತೆ?" ಎಂದೆ.

"ನೀನು ಏಣಿ ಹತ್ತಿರ ಬೆಂಚು ಹಾಕ್ಕೊಂಡು ಕೂತಿರು, ಅಳಿಯಾ. ಅವನಿಗೆ ಏನಾದರೂ ಪೆಟ್ಟಾದರೆ ಕರೀತೀವಿ."